ಲಕೋಟೆಯ ಮೇಲೆ ಬರೆದ ಜಾಗ

ಜೂನ್ ೪

ಪ್ರೀತಿಯ ಮಾವ,

ಪೆಟ್ಟಿಗೆ ಬಂತು. ನಮ್ಮ ಪ್ರಯೋಗಾಲಯದ ಕಾವಲುಗಾರ ಅದನ್ನು ಮೂಸಿ ನೋಡಿ, ಒಳಗೆ ಏನೋ ಸತ್ತಿದೆ ಎಂದು ಮೆಟ್ಟಿಲ ಕೆಳಗೇ ಇಟ್ಟುಬಿಟ್ಟಿದ್ದ. ಸತ್ತಿರುವುದು ನಿಜ, ಆದರೆ ಮೂವತ್ತು ವರ್ಷದ ಹಿಂದೆ ಎಂದು ಹೇಳಿ ಮೇಲೆ ತಂದೆ.

ಆರುನೂರ ನಲವತ್ತು ಲಕೋಟೆಗಳಿವೆ, ಮಾವ. ಬಂದರಿನ ದಾಖಲೆ ಗುಮಾಸ್ತನಾಗಿದ್ದ ಹನ್ನೊಂದು ವರ್ಷ ನೀನು ಒಂದೊಂದು ಗೊಗ್ಗರ ಮೀನಿನ ಮೈಯಿಂದ ನಾಲ್ಕೈದು ಹುರುಪೆ ಕೆರೆದು ತೆಗೆದು, ಲಕೋಟೆಗೆ ಹಾಕಿ, ಮೇಲೆ ತಾರೀಖು, ದೋಣಿ, ಮೀನಿನ ಉದ್ದ, ಹಿಡಿದ ಜಾಗ ಎಲ್ಲ ಬರೆದಿದ್ದೀಯ. ಹುರುಪೆಯ ಉಂಗುರ ಎಣಿಸಿ ವಯಸ್ಸು ತಿಳಿಯುತ್ತೇವೆಂದು ಕೇಳಿದ್ದ ಇಲಾಖೆ ಆಮೇಲೆ ಮರೆತೇಬಿಟ್ಟಿತು. ನೀನು ಮರೆಯಲಿಲ್ಲ. ಕೆಲಸ ಬಿಟ್ಟ ಮೇಲೂ ಮಂಚದ ಕೆಳಗೆ ಕಾಪಾಡಿದ್ದೀಯ. ಒಣಗಿದ ಲೋಳೆಯ ಒಂದು ಚೂರು ಸಿಕ್ಕರೂ ಅದರಿಂದ ಡಿಎನ್‌ಎ ತೆಗೆಯಬಹುದು. ಆ ಮೀನು ಯಾವ ಕುಲದ್ದು, ಯಾರಿಗೆ ದಾಯಾದಿ ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮ ಜಗಳ ಏನೆಂದರೆ, ಮೀನುಗಾರಿಕೆಯ ನಿಯಮ ಮಾಡುವ ಸಮಿತಿಯವರು ಸಮುದ್ರ ಒಂದೇ, ಗೊಗ್ಗರವೂ ಒಂದೇ ಎನ್ನುತ್ತಾರೆ. ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯಿಂದ ಬಂದು ತುಂಬಿಕೊಳ್ಳುತ್ತವೆ ಎಂದು ಅವರ ವಾದ. ನನಗೆ ಹಾಗನ್ನಿಸುವುದಿಲ್ಲ. ನಿನ್ನ ಲಕೋಟೆಗಳೇ ಹೇಳಬೇಕು.

ಒಂದು ಪ್ರಶ್ನೆ. ನಿಮ್ಮ ಬಂದರಿಗೆ ನಾಲ್ಕು ಗಂಟೆಯ ದೂರದಲ್ಲಿ ನೀರಿನಡಿಯ ಆ ಮರಳು ದಿಬ್ಬವಿದೆಯಲ್ಲ, ಒಂದು ಲಕೋಟೆಯ ಮೇಲೂ ಅದರ ಹೆಸರಿಲ್ಲ. ಎಲ್ಲವೂ "ಉತ್ತರದ ಆಳ". ದಿಬ್ಬದ ಮೇಲೆ ಜನವರಿ, ಫೆಬ್ರವರಿ ಬಲೆ ಬಿಡಬಾರದೆಂದು ಆಗ ನಿಷೇಧವಿತ್ತು, ಗೊತ್ತು. ಬೇರೆ ತಿಂಗಳಲ್ಲಿ ಅಲ್ಲಿ ಮೀನೇ ಇರುತ್ತಿರಲಿಲ್ಲವೆ?

ಅಮ್ಮ ಚೆನ್ನಾಗಿದ್ದಾಳೆ. ಪೆಟ್ಟಿಗೆ ಬಂದದ್ದನ್ನು ಹೇಳಿದೆ. "ಅವನಿಗೆ ಬೇರೆ ಕೆಲಸ ಇರ್ಲಿಲ್ವಾ" ಎಂದಳು, ಆದರೆ ನಕ್ಕಳು.

ನಿನ್ನ ಚೂಟಿ


ಜೂನ್ ೨೧

ಚೂಟಿ,

ಪೆಟ್ಟಿಗೆ ತಲುಪಿದ್ದು ಸಂತೋಷ. ಅದು ಹೋದ ಮೇಲೆ ಮಂಚದ ಕೆಳಗೆ ಗುಡಿಸಲು ಜಾಗವಾಗಿದೆ. ಇಷ್ಟು ವರ್ಷ ಗುಡಿಸದಿರಲು ಒಂದು ನೆಪವಿತ್ತು, ಈಗ ಅದೂ ಇಲ್ಲ.

ಗೊಗ್ಗರ ನಿನಗೆ ಬರೀ ಹುರುಪೆಯಾಗಿ ಪರಿಚಯ. ನಾನು ಹರಾಜು ಕಟ್ಟೆಯ ಮೇಲೆ ಅದನ್ನು ಸಾಲಾಗಿ ಮಲಗಿಸಿದ್ದು ನೋಡಿದವನು. ದೊಡ್ಡ ಹೆಣ್ಣು ಮೀನನ್ನು ಎತ್ತಿ ನಿಲ್ಲಿಸಿದರೆ ನನ್ನ ಎದೆಗೆ ಬರುತ್ತಿತ್ತು. ಮೊಟ್ಟೆಯಿಡುವ ಕಾಲದಲ್ಲಿ ಗಂಡುಗಳೆಲ್ಲ ಗಾಳಿಚೀಲ ನಡುಗಿಸಿ ಸದ್ದು ಮಾಡುತ್ತವೆ. ಗಂಟಲು ಕಟ್ಟಿದವನು ದೂರದಿಂದ ಕರೆದ ಹಾಗೆ ಇರುತ್ತದೆ. ಅದಕ್ಕೇ ಆ ಹೆಸರು. ನಿನ್ನಪ್ಪ ಒಮ್ಮೆ ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ಹಲಗೆಗೆ ಕಿವಿಯಿಟ್ಟು ಕೇಳು ಎಂದರು. ಕೇಳಿದೆ. ಕೆಳಗೆ ಒಂದು ಊರೇ ಇದ್ದಂತಿತ್ತು. ಮೈ ಜುಮ್ಮೆಂದು ಎದ್ದುಬಿಟ್ಟೆ. ಭಾವ ನಗುತ್ತಿದ್ದರು. ಅದು ಯಾವ ಜಾಗವೆಂದು ನೆನಪಿಲ್ಲ.

ದಿಬ್ಬದ ಬಗ್ಗೆ ಕೇಳಿದ್ದೀಯ. ನಾನು ದೋಣಿಯವರು ಹೇಳಿದ್ದನ್ನು ಬರೆದುಕೊಂಡವನು, ಅಷ್ಟೇ. ಹಳೆಯ ಕೈಬರಹ, ತೀರಾ ನಂಬಬೇಡ.

ಅಕ್ಕನಿಗೆ ಕೇಳಿದೆನೆಂದು ಹೇಳು.

ಮಾವ


ಆಗಸ್ಟ್ ೯

ಪ್ರೀತಿಯ ಮಾವ,

ಕುಳಿತು ಓದು. ನಿನ್ನ ಹುರುಪೆಗಳು ಮಾತಾಡಿದವು.

ನಾನೂರಕ್ಕಿಂತ ಹೆಚ್ಚು ಲಕೋಟೆಗಳಿಂದ ಓದಬಹುದಾದ ಡಿಎನ್‌ಎ ಸಿಕ್ಕಿತು. ಎಲ್ಲದರ ಮೇಲೂ "ಉತ್ತರದ ಆಳ" ಎಂದೇ ಇದೆ, ಆದರೆ ಇವು ಒಂದೇ ಕುಲದ ಮೀನುಗಳಲ್ಲ. ಮಾರ್ಚಿನಿಂದ ಡಿಸೆಂಬರಿನವರೆಗೆ ಹಿಡಿದವು ಒಂದು ಗುಂಪು. ಜನವರಿ, ಫೆಬ್ರವರಿಯವು ಬೇರೆಯೇ ಗುಂಪು. ಎರಡರ ನಡುವೆ ಮದುವೆ ಸಂಬಂಧವೇ ಇಲ್ಲ ಎನ್ನುವಷ್ಟು ಬೇರೆ. ಸಾವಿರಾರು ವರ್ಷ ಒಂದರ ಮನೆಗೆ ಇನ್ನೊಂದು ಹೋಗಿಲ್ಲ. ಎಲ್ಲಿಂದಲೋ ಬರುವ ಒಂದು ಹಿಂಡು ವರ್ಷಕ್ಕೆ ಎರಡು ತಿಂಗಳು ಉತ್ತರದ ಆಳಕ್ಕೆ ಬಂದು, ಮೊಟ್ಟೆಯಿಟ್ಟು ಹೊರಟು ಹೋಗುತ್ತಿತ್ತು. ನಾವಿಲ್ಲಿ ಅವನ್ನು ಅತಿಥಿಗಳೆಂದು ಕರೆಯುತ್ತಿದ್ದೇವೆ. ಈಗ ಸಿಗುವ ಮೀನುಗಳಲ್ಲಿ ಆ ಕುಲದ್ದು ಒಂದೂ ಇಲ್ಲ. ಒಂದು ಹಿಂಡು ಇತ್ತೆಂದು ತಿಳಿಯುವ ಹೊತ್ತಿಗೆ ಅದು ಹೋಗಿಬಿಟ್ಟಿದೆ. ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆಯುವಾಗ, ಒಳಗೆ ಯಾರೋ ನನಗಾಗಿ ಕಾದು ಕುಳಿತಿದ್ದಾರೆ ಎನಿಸುತ್ತದೆ.

ಇನ್ನೊಂದು ವಿಷಯ. ಹೇಳಲೋ ಬೇಡವೋ ಎಂದು ವಾರ ಯೋಚಿಸಿದೆ. ಒಂದು ಲಕೋಟೆ ಅಪ್ಪನ ದೋಣಿಯದು. ಫೆಬ್ರವರಿ ೧೭. ಅಪ್ಪ ಸಮುದ್ರದಿಂದ ತಿರುಗಿ ಬಾರದ ಆ ಕೊನೆಯ ಸಲದ್ದು. ಅದೂ ಅತಿಥಿ ಮೀನೇ. ತಾರೀಖು ಮಾತ್ರ ತಪ್ಪಿರಬೇಕು. ಅಪ್ಪ ಮನೆ ಬಿಟ್ಟದ್ದು ಹದಿನಾರಕ್ಕೆ ಎಂದು ಅಮ್ಮ ಹೇಳುತ್ತಾಳೆ. ಉತ್ತರಕ್ಕೆ ಹೋಗುವುದೇ ಎರಡು ದಿನದ ದಾರಿ, ಮರುದಿನ ಅಲ್ಲಿಯ ಮೀನು ಬಂದರಿಗೆ ಹೇಗೆ ಬಂತು? ಆ ದಿನಗಳಲ್ಲಿ ನಿನಗೆ ತಾರೀಖಿನ ಪರಿವೆ ಇರದಿದ್ದುದು ಸಹಜ.

ಅಮ್ಮನಿಗೆ ಲಕೋಟೆ ತೋರಿಸಿದೆ. ಹೊಲಿಗೆ ಯಂತ್ರದಿಂದ ಕೈ ತೆಗೆಯದೆ ನೋಡಿದಳು. "ಹತ್ತಿರಕ್ಕೇ ಹೋಗ್ತೀನಿ, ನಾಳೆ ಸಂಜೆಗೆ ಮನೇಲಿರ್ತೀನಿ ಅಂದಿದ್ರು. ಹೋಗಿದ್ದು ಅಷ್ಟು ದೂರ. ನನ್ನ ಹತ್ರ ಆಡಿದ ಕೊನೇ ಮಾತೇ ಸುಳ್ಳು" ಎಂದಳು. ಇಪ್ಪತ್ತಾರು ವರ್ಷದ ಮೇಲೂ ಅವಳ ಸಿಟ್ಟು ಇಳಿದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಪಟ ಯಾಕಿಲ್ಲವೆಂದು ನನಗೆ ಅಂದು ಅರ್ಥವಾಯಿತು.

ಬೇಗ ಉತ್ತರ ಬರೆ.

ಚೂಟಿ


ಸೆಪ್ಟೆಂಬರ್ ೨

ಚೂಟಿ,

ಕಾಗದ ತಲುಪಿತು. ನಿನ್ನ ಕೆಲಸ ದೊಡ್ಡದು, ನನಗೆ ಪೂರ್ತಿ ಅರ್ಥವಾಗುವುದಿಲ್ಲ. ತಾರೀಖು ತಪ್ಪಿರಬಹುದು. ಇಲ್ಲಿ ಬಿಡದೆ ಗಾಳಿ. ಕಿಟಕಿಯ ಚಿಲಕ ಮುರಿದಿದೆ, ಬಡಗಿ ಇವತ್ತು ನಾಳೆ ಎನ್ನುತ್ತಿದ್ದಾನೆ.

ಹಳೆಯದನ್ನೆಲ್ಲ ಅಕ್ಕನ ಮುಂದೆ ತೆಗೆಯಬೇಡ.

ಮಾವ


ಅಕ್ಟೋಬರ್ ೨೦

ಪ್ರೀತಿಯ ಮಾವ,

ನಿನ್ನ ಸೆಪ್ಟೆಂಬರಿನ ಕಾಗದದ ಮೇಲೆ ಎರಡು ಸಲ ಬರೆದೆ, ಉತ್ತರವಿಲ್ಲ. ಅಪ್ಪನ ಲಕೋಟೆಯ ವಿಷಯ ಎತ್ತಿದ್ದು ನನ್ನ ತಪ್ಪು. ನೀನು ಅಪ್ಪನನ್ನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದನ್ನು ಮರೆತು, ಮೀನಿನ ಸಂಭ್ರಮದಲ್ಲಿ ಬರೆದುಬಿಟ್ಟೆ. ಕ್ಷಮಿಸು.

ಈ ಕಾಗದ ಕೆಲಸದ್ದು. ಡಿಸೆಂಬರ್ ೧೨ಕ್ಕೆ ಸಮಿತಿ ಕೂಡುತ್ತದೆ. ಜನವರಿ, ಫೆಬ್ರವರಿ ಉತ್ತರದ ಆಳವನ್ನು ಮುಚ್ಚಬೇಕೆಂದು ನಾನು ವರದಿ ಕೊಡುತ್ತಿದ್ದೇನೆ. ಅತಿಥಿಗಳಲ್ಲಿ ನಾಲ್ಕಾರು ಉಳಿದಿದ್ದರೆ ಅಲ್ಲಿಗೇ ಬರುತ್ತವೆ. ಅವರು ಒಪ್ಪುವಂತೆಯೂ ಇದೆ, ಯಾಕೆಂದರೆ ಪ್ರತಿಯಾಗಿ ಅವರಿಗೊಂದು ಬೇಕು. ಹೊಸ ಬಂದರಿನ ಕಟ್ಟೆ ತುಂಬಿಸಲು ಆ ದಿಬ್ಬದ ಮರಳನ್ನು ಯಂತ್ರದಿಂದ ಎತ್ತುತ್ತಾರಂತೆ. ದಿಬ್ಬದಲ್ಲಿ ಗೊಗ್ಗರ ಇತ್ತೆಂಬುದಕ್ಕೆ ನನ್ನ ಬಳಿ ಒಂದು ಲಕೋಟೆಯೂ ಇಲ್ಲವಾದ್ದರಿಂದ ಆಕ್ಷೇಪವಿಲ್ಲ ಎಂದು ಬರೆದಿದ್ದೇನೆ. ಒಂದನ್ನು ಉಳಿಸಲು ಒಂದನ್ನು ಬಿಡಬೇಕು.

ಲಕೋಟೆಗಳ ಬರಹ ನಿನ್ನದೇ, ಸರಿಯಾದದ್ದೇ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸು. ಅಷ್ಟು ಸಾಕು.

ಚೂಟಿ


ನವೆಂಬರ್ ೧೧

ಚೂಟಿ,

ಆ ಸಾಲು ಬರೆಯಲಾರೆ. ಬರೆಯಲು ಕುಳಿತು ಇಂದಿಗೆ ಒಂಬತ್ತು ದಿನ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅತಿಥಿಗಳು ಅತಿಥಿಗಳಲ್ಲ. ಅವು ದಿಬ್ಬದವು. ಜನವರಿ, ಫೆಬ್ರವರಿಯಲ್ಲಿ ಉತ್ತರಕ್ಕೆ ಒಂದು ದೋಣಿಯೂ ಹೋಗುತ್ತಿರಲಿಲ್ಲ. ಹನ್ನೆರಡು ದೋಣಿಗಳೂ ನಿಷೇಧದ ತಿಂಗಳಲ್ಲೇ ದಿಬ್ಬಕ್ಕೆ ಹೋಗುತ್ತಿದ್ದವು, ಯಾಕೆಂದರೆ ಮೀನು ಒತ್ತೊತ್ತಾಗಿ ನೆರೆಯುತ್ತಿದ್ದದ್ದು ಆಗಲೇ, ಅಲ್ಲೇ. ಅವರು ಉತ್ತರ ಎಂದು ಬರೆಸುತ್ತಿದ್ದರು, ನಾನು ಗೊತ್ತಿದ್ದೇ ಬರೆಯುತ್ತಿದ್ದೆ. ಮೊದಲು ಬರೆಸಿದ್ದು ಭಾವ. ಅವರು ಹೇಳಿದರೆ ನಾನು ಇಲ್ಲ ಎನ್ನುತ್ತಿರಲಿಲ್ಲ. ಹುರುಪೆಗಳನ್ನು ಯಾಕೆ ಅಷ್ಟು ಶ್ರದ್ಧೆಯಿಂದ ತೆಗೆದೆನೋ ತಿಳಿಯದು. ಮೇಲೆ ಸುಳ್ಳು ಬರೆದರೂ ಒಳಗೆ ನಿಜ ಇರಲಿ ಎಂದಿರಬೇಕು.

ತಾರೀಖು ತಪ್ಪಿಲ್ಲ. ಹದಿನಾರರ ಬೆಳಿಗ್ಗೆ ಭಾವ ಇಬ್ಬರು ಕೆಲಸಗಾರರೊಂದಿಗೆ ದಿಬ್ಬಕ್ಕೆ ಹೊರಟರು. ದೋಣಿ ಹೊರಡುವ ಪುಸ್ತಕದಲ್ಲಿ ನಾನು ಉತ್ತರ ಎಂದು ಬರೆದೆ. ಅಂದಿನ ಮೀನನ್ನು ಅವರು ಸಾಗಣೆ ದೋಣಿಗೆ ದಾಟಿಸಿದರು, ಅದು ಹದಿನೇಳರ ಬೆಳಿಗ್ಗೆ ಬಂತು. ಹುರುಪೆ ತೆಗೆದು ಲಕೋಟೆ ಬರೆದೆ. ಮಧ್ಯಾಹ್ನ ಗಾಳಿ ಎದ್ದಿತು.

ಹದಿನೆಂಟಕ್ಕೆ ಹುಡುಕಲು ಹಡಗು ಬಂತು. ಅಧಿಕಾರಿ ಪುಸ್ತಕ ನೋಡಿ ಉತ್ತರಕ್ಕೆ ಕಳಿಸಿದ. ಅಕ್ಕ ಕಚೇರಿಗೇ ಬಂದಳು. ಹತ್ತಿರಕ್ಕೆ ಎಂದಿದ್ದರು, ಹತ್ತಿರ ನೋಡಿ ಎಂದು ಅಧಿಕಾರಿಯ ಮೇಜಿನ ಮುಂದೆ ನಿಂತು ಹೇಳಿದಳು. ಅವನು ನನ್ನ ಮುಖ ನೋಡಿದ. ಆಗ ನಾನು ಹೇಳಿದ ಮಾತು ಇದು, ಒಂದಕ್ಷರವೂ ಮರೆತಿಲ್ಲ: "ಇಲ್ಲ ಅಕ್ಕ, ಭಾವ ಉತ್ತರಕ್ಕೇ ಹೋಗಿದ್ದು. ನಿಂಗೆ ಗಾಬರಿ ಆಗುತ್ತೆ ಅಂತ ಹೇಳಿಲ್ಲ ಅಷ್ಟೇ."

ಮೊದಲ ದಿನ ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. ಸಂಜೆಯೊಳಗೆ ಅವರೇ ಬಂದುಬಿಡುತ್ತಾರೆ, ಹನ್ನೆರಡು ಮನೆ ಯಾಕೆ ಹಾಳಾಗಬೇಕು ಎಂದುಕೊಂಡೆ. ಎರಡನೆಯ ದಿನ ಸುಮ್ಮನಿದ್ದದ್ದಕ್ಕೆ ಮೊದಲ ದಿನವೇ ಕಾರಣ.

ಹತ್ತೊಂಬತ್ತರ ಮಧ್ಯಾಹ್ನ ರೇಡಿಯೋ ಕೋಣೆಯಲ್ಲಿದ್ದೆ. ದನಿಯೊಂದು ಬಂತು. ಒಂದು, ಎರಡು, ಮೂರು, ನಾಲ್ಕು. ಅಷ್ಟೇ. ಭಾವ ರೇಡಿಯೋ ಸರಿಯಿದೆಯೇ ಎಂದು ನೋಡಲು ಯಾವಾಗಲೂ ಹತ್ತರವರೆಗೆ ಎಣಿಸುತ್ತಿದ್ದರು. ಅಷ್ಟು ಚಿಕ್ಕ ಯಂತ್ರದ ದನಿ ಉತ್ತರದಿಂದ ಬರಲು ಸಾಧ್ಯವಿಲ್ಲ, ಹತ್ತಿರದ ಬೇರೆ ಯಾರೋ ಎಂದು ರೇಡಿಯೋದವನು ಗುಂಡಿ ತಿರುಗಿಸಿದ. ನಾನು ಹೌದು ಎಂದೆ.

ಇಪ್ಪತ್ತಕ್ಕೆ ತಡೆಯಲಾರದೆ ಸಾಗಣೆ ದೋಣಿಯ ಯಜಮಾನನಿಗೆ ಹೇಳಿದೆ. ಇಬ್ಬರೂ ದಿಬ್ಬಕ್ಕೆ ಹೋದೆವು. ನೀರಿನ ಮೇಲೆ ಎಣ್ಣೆ ಹರಡಿತ್ತು, ಮಂಜುಗಡ್ಡೆ ಪೆಟ್ಟಿಗೆಯ ಮುಚ್ಚಳ ತೇಲುತ್ತಿತ್ತು. ಎಂಜಿನ್ ನಿಲ್ಲಿಸಿದ ಕೂಡಲೇ ಕೆಳಗಿನಿಂದ ಆ ಮೀನುಗಳ ಸದ್ದು ಶುರುವಾಯಿತು. ನಾವು ಮುಚ್ಚಳವನ್ನೂ ಎತ್ತಿಕೊಳ್ಳದೆ ತಿರುಗಿ ಬಂದೆವು. ಅಂದಿನಿಂದ ಏನನ್ನಾದರೂ ಎಣಿಸುವಾಗ ನಾಲ್ಕಕ್ಕೆ ನಿಂತುಬಿಡುತ್ತೇನೆ. ಐದನೆಯದು ಬರಲಿ ಎಂದು ಕಾಯುತ್ತೇನೆ.

ನೀನು ನನ್ನ ಬರಹ ನಂಬಿ ಈಗ ಮತ್ತೆ ಉತ್ತರಕ್ಕೆ ಹೊರಟಿದ್ದೀಯ, ದಿಬ್ಬವನ್ನು ಬಿಟ್ಟುಕೊಡುತ್ತಿದ್ದೀಯ. ಎರಡನೆಯ ಸಲ ಸುಮ್ಮನಿರಲಾರೆ.

ಅಕ್ಕನಿಗೆ ನಾನೇ ಹೇಳಬೇಕಿತ್ತು. ಇಪ್ಪತ್ತಾರು ವರ್ಷ ಅವಳ ಮುಂದೆ ಕುಳಿತು ಊಟ ಮಾಡಿದ್ದೇನೆ. ಇನ್ನು ನೀನು ಮಾಡಿದಂತೆ.

ಮಾವ


ನವೆಂಬರ್ ೨೪

ಮಾನ್ಯರೇ,

ನಿಮ್ಮ ೧೧ನೇ ತಾರೀಖಿನ ಕಾಗದ ತಲುಪಿತು.

ಸಮಿತಿಗೆ ಕೊಟ್ಟ ವರದಿಯನ್ನು ಹಿಂತೆಗೆದುಕೊಂಡಿದ್ದೇನೆ. ಕಾಗದವೊಂದೇ ಸಾಕ್ಷಿಯಾಗುವುದಿಲ್ಲ. ಡಿಸೆಂಬರ್ ೧೨ರ ಮುಂಚೆ ಸಮಿತಿಯ ಇಬ್ಬರು ನಿಮ್ಮ ಬಂದರಿಗೆ ಬಂದು, ದೋಣಿಯವರ ಎದುರಿನಲ್ಲೇ ನಿಮ್ಮ ಹೇಳಿಕೆ ಪಡೆಯುತ್ತಾರೆ. ಹನ್ನೊಂದು ವರ್ಷದ ಜನವರಿ, ಫೆಬ್ರವರಿ ಲಕೋಟೆಗಳ ಪಟ್ಟಿ ಇದರೊಂದಿಗಿದೆ. ಒಂದೊಂದರ ಮುಂದೆಯೂ ನಿಜವಾದ ಜಾಗ ಬರೆಯಿರಿ. ನಾನು ಬರುವುದಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಬೇಕೆಂದು ತಿಳಿಯದೆ ಅಡುಗೆಮನೆಯ ಬಾಗಿಲವರೆಗೆ ಹೋಗಿ ಹೋಗಿ ತಿರುಗಿ ಬರುತ್ತಿದ್ದೇನೆ. ಅದಕ್ಕಾಗಿ ನಿಮ್ಮನ್ನು ಯಾವತ್ತಾದರೂ ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ.


ಡಿಸೆಂಬರ್ ೯

ಚೂಟಿ,

ನಿನ್ನೆ ಹೇಳಿಕೆ ಕೊಟ್ಟೆ. ಹಳೆಯ ಹರಾಜು ಕಟ್ಟೆಯಲ್ಲಿ ಮೇಜು ಹಾಕಿದ್ದರು. ನಲವತ್ತು ಜನ ಸೇರಿದ್ದರು. ಪಟ್ಟಿಯನ್ನು ಓದುತ್ತಾ ಒಂದೊಂದು ದೋಣಿಗೂ ದಿಬ್ಬ, ದಿಬ್ಬ ಎಂದು ಹೇಳುತ್ತಾ ಹೋದೆ. ಮೊದಲು ಕೆಲವರು ನಕ್ಕರು. ಒಬ್ಬ, ಮುದುಕನಿಗೆ ತಲೆ ಕೆಟ್ಟಿದೆ ಎಂದ. ಆಗ ಸಾಗಣೆ ದೋಣಿಯ ಯಜಮಾನ ಕೋಲೂರಿಕೊಂಡು ಎದ್ದು, "ಅವನಿಗೆ ತಲೆ ಸರಿಯಾಗೇ ಇದೆ. ನಾನೂ ಇದ್ದೆ, ನೀವೂ ಇದ್ರಿ" ಎಂದ. ಆಮೇಲೆ ಯಾರೂ ನಗಲಿಲ್ಲ.

ಕೊನೆಯ ಲಕೋಟೆಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಭಾವನ ಜೊತೆ ಹೋದ ಕೆಲಸಗಾರನೊಬ್ಬನ ಹೆಂಡತಿ. ನನ್ನ ಹತ್ತಿರ ಬಂದು ನಿಂತಳು. ಹೊಡೆಯುತ್ತಾಳೆಂದುಕೊಂಡೆ. ಎಷ್ಟು ದೂರ ಎಂದು ಕೇಳಿದಳು. ನಾಲ್ಕು ಗಂಟೆ ಎಂದೆ. ಮತ್ತೊಮ್ಮೆ ಕೇಳಿದಳು. ಮತ್ತೆ ಹೇಳಿದೆ. ಹೊರಟು ಹೋದಳು. ಹೊಡೆದಿದ್ದರೆ ತಾಳಬಹುದಿತ್ತು.

ಹಾಲಿನವನು ಇವತ್ತಿನಿಂದ ನನ್ನ ಬಾಗಿಲಿಗೆ ಬರುತ್ತಿಲ್ಲ. ದೂರುತ್ತಿಲ್ಲ, ಹೇಳಿದೆ ಅಷ್ಟೇ.

ಮಾವ


ಫೆಬ್ರವರಿ ೫, ಸಮೀಕ್ಷೆಯ ಹಡಗಿನಿಂದ

ಮಾವ,

ದಿಬ್ಬದ ಮರಳಿಗೆ ಕೈ ಹಾಕುವುದಿಲ್ಲವೆಂದು ಸಮಿತಿ ತೀರ್ಮಾನಿಸಿದ್ದು ನಿಮಗೂ ತಿಳಿದಿರಬಹುದು. ಐದು ವರ್ಷ ಅಲ್ಲಿ ಯಾವ ಬಲೆಯೂ ಇಲ್ಲ. ನಾನೀಗ ದಿಬ್ಬದ ಮೇಲೇ ಇದ್ದೇನೆ. ಹಡಗು ಹೊರಟಿದ್ದು ನಿಮ್ಮ ಬಂದರಿನಿಂದ. ನಿಮ್ಮ ಕಿಟಕಿ ಕಾಣಿಸಿತು. ಬರಲಿಲ್ಲ.

ನೀರಿಗೆ ಧ್ವನಿಗ್ರಾಹಕ ಇಳಿಸಿ ಹದಿಮೂರು ದಿನ ಕೇಳಿದೆವು. ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೆಯ ದಿನ ಒಂದು ಮೀನು ಗೊಗ್ಗರು ದನಿ ತೆಗೆಯಿತು. ನೀವು ಊರು ಎಂದು ಬರೆದಿದ್ದಿರಿ. ಇದು ಊರಿನಲ್ಲಿ ಉಳಿದ ಒಂದೇ ಮನೆಯಂತಿತ್ತು. ಈವರೆಗೆ ಒಂಬತ್ತು ಹಿಡಿದು, ರೆಕ್ಕೆಯ ಚೂರು ಕತ್ತರಿಸಿ ಮತ್ತೆ ನೀರಿಗೆ ಬಿಟ್ಟಿದ್ದೇವೆ. ಒಂಬತ್ತೂ ನಿಮ್ಮ ಲಕೋಟೆಗಳ ಕುಲದವೇ. ಆದರೆ ಎಲ್ಲವೂ ಒಡಹುಟ್ಟಿದವೋ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೋ ಎನ್ನುವಷ್ಟು ಹತ್ತಿರದವು. ಹಿಂದಿನ ಹಿಂಡಿನಲ್ಲಿದ್ದ ವೈವಿಧ್ಯದಲ್ಲಿ ಅರ್ಧಕ್ಕರ್ಧ ಅಳಿಸಿಹೋಗಿದೆ. ಸಂಖ್ಯೆ ಹೆಚ್ಚಿದರೂ ಕಳೆದುಕೊಂಡದ್ದು ಮರಳಿ ಬರುವುದಿಲ್ಲ. ಈ ನೀರಿನಲ್ಲಿ ಕೈ ಅದ್ದುವಾಗೆಲ್ಲ ಅಪ್ಪ ಇಲ್ಲೇ ಎಲ್ಲೋ ಇದ್ದಾರೆ ಎನಿಸಿ ಕೈ ಹಿಂದಕ್ಕೆ ತೆಗೆಯುತ್ತೇನೆ. ಆಮೇಲೆ ನಾಚಿಕೆಯಾಗಿ ಮತ್ತೆ ಅದ್ದುತ್ತೇನೆ.

ಹೊರಡುವ ಮುಂಚೆ ಅಮ್ಮನಿಗೆ ಹೇಳಿದೆ. ನಿಮ್ಮ ಕಾಗದವನ್ನೇ ಓದಿದೆ, ಒಂದು ಸಾಲೂ ಬಿಡದೆ. ಓದಿ ಮುಗಿಸಿದಾಗ, "ಹಾಗಾದ್ರೆ ಅವ್ರು ನಿಜಾನೇ ಹೇಳಿದ್ರು" ಎಂದಳು. ಅಪ್ಪನಿಗೋಸ್ಕರ ಅವಳು ಅತ್ತಿದ್ದನ್ನು ನಾನು ಮೊದಲ ಸಲ ನೋಡಿದೆ. ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರು ದಿನ ಬಿಟ್ಟು ಒಂದು ವಿಷಯ ಹೇಳಿದಳು. ಅಪ್ಪನ ಮರಣದ ದಾಖಲೆಯಲ್ಲಿ ಜಾಗ "ಉತ್ತರದ ಆಳ" ಎಂದಿದೆ. ಅದನ್ನು ತಿದ್ದಿಸಬೇಕಂತೆ. ನೋಂದಣಿ ಕಚೇರಿ ನಿಮ್ಮೂರಿನಲ್ಲಿದೆ. ಗೊತ್ತಿರುವವರು ಖುದ್ದಾಗಿ ಬಂದು ಹೇಳಬೇಕು. ಇಪ್ಪತ್ತನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ. ನಾನು ಹಡಗಿನಿಂದ ಇಳಿಯುವಂತಿಲ್ಲ. ಅವಳೊಬ್ಬಳೇ ಬರುತ್ತಾಳೆ. ನಿಮ್ಮೊಡನೆ ಮಾತಾಡುತ್ತಾಳೋ ಇಲ್ಲವೋ ಹೇಳಲಾರೆ.

ತಪ್ಪಿಸಬೇಡ ಮಾವ. ಹೋಗು.

ಚೂಟಿ


ಫೆಬ್ರವರಿ ೨೧

ಚೂಟಿ,

ಹೋಗಿದ್ದೆ.

ಒಂಬತ್ತಕ್ಕೇ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದೆ. ಅಕ್ಕ ಬಸ್ಸಿನಿಂದ ಇಳಿದು ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೋದ ವರ್ಷ ಬಂದಾಗ ಅಷ್ಟಿರಲಿಲ್ಲ. ಒಳಗೆ ಒಂದೇ ಬೆಂಚು. ಅವಳು ಒಂದು ತುದಿಯಲ್ಲಿ ಕುಳಿತಳು, ನಾನು ಇನ್ನೊಂದು ತುದಿಯಲ್ಲಿ. ನಡುವೆ ಮಗುವನ್ನೆತ್ತಿಕೊಂಡ ಒಬ್ಬಳು ಬಂದು ಕುಳಿತಳು. ಜನನದ ದಾಖಲೆಗೆ ಬಂದವಳು. ಮಗು ಅಕ್ಕನ ಸೆರಗು ಹಿಡಿದುಕೊಂಡಿತು, ಅಕ್ಕ ಬಿಡಿಸಿಕೊಳ್ಳಲಿಲ್ಲ.

ಹೆಸರು ಕರೆದರು. ಇಬ್ಬರೂ ಕಿಂಡಿಯ ಮುಂದೆ ನಿಂತೆವು. ಗುಮಾಸ್ತ ಚಿಕ್ಕ ವಯಸ್ಸಿನವನು, ನಾನು ಆ ಕೆಲಸದಲ್ಲಿದ್ದಾಗಿನ ವಯಸ್ಸು. ಹಳೆಯ ಪುಸ್ತಕ ತೆಗೆದು, ತೀರಿಕೊಂಡ ಜಾಗ ಯಾವುದು ಎಂದು ಕೇಳಿದ. ಹೇಳಿದೆ. ಅವನು ತಲೆ ಎತ್ತಿ ಏನು ಎಂದ. ಮತ್ತೆ ಹೇಳಿದೆ. ದನಿ ಹೊರಗೆ ಬರುತ್ತಿರಲಿಲ್ಲ. ಹರಾಜು ಕಟ್ಟೆಯಲ್ಲಿ ನಲವತ್ತು ಜನರ ಮುಂದೆ ಹೇಳಿದವನಿಗೆ ಅವಳ ಪಕ್ಕದಲ್ಲಿ ನಿಂತು ಹೇಳಲಾಗಲಿಲ್ಲ. ಗುಮಾಸ್ತ ಬರೆಯುವ ಕೈ ಎತ್ತಿ ಕಾಯುತ್ತಿದ್ದ.

ಆಗ ಅಕ್ಕ ನನ್ನ ಕಡೆ ತಿರುಗದೆಯೇ ಮಾತಾಡಿದಳು. ಅವತ್ತು ಅವಳು ಆಡಿದ ಮಾತು ಅದೊಂದೇ.

"ಜೋರಾಗಿ ಹೇಳು. ಅವರಿಗೆ ಕೇಳಿಸ್ತಿಲ್ಲ."

ಜೋರಾಗಿ ಹೇಳಿದೆ. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನೋಡಲಿಲ್ಲ. ಕಿಂಡಿಯ ಅಂಚು ಹಿಡಿದು ಬಗ್ಗಿ, ಗುಮಾಸ್ತ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯುವುದನ್ನೇ ನೋಡುತ್ತಿದ್ದಳು, ಕೊನೆಯ ಅಕ್ಷರ ಮುಗಿಯುವವರೆಗೂ.

ಮಾವ